ಕೆಸರಿನ ನಡುವೆಯೇ ಕಾಲಿಡಬೇಕಾದ ಕಾಡು

ಮಲೆನಾಡಿನಲ್ಲಿ ಒಂದು ಮಳೆಗಾಲ ಜನ ಓಡಾಡದೆ ಬಿಟ್ಟರೆ ಸಾಕು, ಕಾಲುದಾರಿ ಕಾಣೆಯಾಗುತ್ತದೆ. ಮೇ ತಿಂಗಳಲ್ಲಿ ನುಣ್ಣಗೆ ಸವೆದು ಬಿದ್ದಿದ್ದ ದಾರಿಯನ್ನು ಅಕ್ಟೋಬರಿನಲ್ಲಿ ಕತ್ತಿ ಹಿಡಿದು ಹುಡುಕಬೇಕು. ಕಾಡು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಈ ವೇಗ ನೋಡಿ ಬೆಳೆದ ನಮಗೆ, ನಡೆಯುವವರ ಹೆಜ್ಜೆಯಿಂದ ಕಾಡಿಗೇನೂ ಆಗುವುದಿಲ್ಲ ಎಂಬ ನಂಬಿಕೆ ಅರಿವಿಲ್ಲದೆಯೇ ಬಂದುಬಿಟ್ಟಿರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಪಶ್ಚಿಮ ಅಂಚಿನ ಲಾಂಗ್ ರೇಂಜ್ ಬೆಟ್ಟಗಳಲ್ಲಿ ಈ ನಂಬಿಕೆ ನಡೆಯುವುದಿಲ್ಲ. ಅಲ್ಲಿ ಒಂದು ಜೌಗನ್ನು ಒಂದೇ ಬೇಸಿಗೆಯಲ್ಲಿ ಕೆಲವು ನೂರು ಜನ ಒಂದೇ ಜಾಡಿನಲ್ಲಿ ಹಾಯ್ದರೆ, ಬಿದ್ದ ಗೀರು ಅವರ ಮಕ್ಕಳು ದೊಡ್ಡವರಾಗಿ ಬಂದಾಗಲೂ ಕಾಣಬಹುದು.

ಈ ಬೆಟ್ಟಸಾಲಿನ ಹೆಸರಾಂತ ಭಾಗ ಗ್ರೋಸ್ ಮೋರ್ನ್ ರಾಷ್ಟ್ರೀಯ ಉದ್ಯಾನ. 1973ರಲ್ಲಿ ಆರಂಭವಾಗಿ 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ, 1,805 ಚದರ ಕಿ.ಮೀ. ವಿಸ್ತೀರ್ಣದ ಜಾಗ. ಅದರ ಹೆಸರಿಗೆ ಕಾರಣವಾದ ಬೆಟ್ಟದ ಎತ್ತರ 806 ಮೀಟರ್ ಮಾತ್ರ. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ ಎಂದುಕೊಂಡಾಗ ಇದೇನು ಬೆಟ್ಟ ಅನಿಸುವುದು ಸಹಜ. ಮುಳ್ಳಯ್ಯನಗಿರಿ, ಕುಮಾರ ಪರ್ವತ ಹತ್ತಿದವರು ಕೆನಡಾಕ್ಕೆ ಓದಲೋ ಕೆಲಸಕ್ಕೋ ಹೋದಾಗ ಈ ಅಂಕಿ ನೋಡಿ ಒಂದು ಬಾಟಲಿ ನೀರು, ಒಂದು ಹತ್ತಿಯ ಟೀ ಶರ್ಟಿನಲ್ಲಿ ಹೊರಟುಬಿಡುತ್ತಾರೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಎತ್ತರಕ್ಕಿಂತ ಹೆಚ್ಚಾಗಿ ಅಕ್ಷಾಂಶ, ಗಾಳಿ, ನೀರು ಮತ್ತು ಕಾಲಡಿಯ ನೆಲ. ಹತ್ತುವುದು ಬಹುತೇಕ ಕಡಲ ಮಟ್ಟದಿಂದಲೇ ಶುರುವಾಗುತ್ತದೆ. ತಪ್ಪಲಿನಲ್ಲಿ ದಟ್ಟ ಬೋರಿಯಲ್ ಕಾಡು (ಉತ್ತರದ ಚಳಿನಾಡಿನ ಸೂಜಿ ಎಲೆಯ ಮರಗಳ ಕಾಡು), ನೆತ್ತಿಯಲ್ಲಿ ಒಂದು ಮರವೂ ಇಲ್ಲದ, ಆರ್ಕ್ಟಿಕ್ ಪ್ರದೇಶದಂಥ ಕಲ್ಲುಹಾಸು. ಹಿಮಾಲಯದಲ್ಲಿ ಮೂರೂವರೆ ಸಾವಿರ ಮೀಟರಿನ ಆಚೆ ಎದುರಾಗುವ ಬದಲಾವಣೆ ಇಲ್ಲಿ ಐದಾರು ನೂರು ಮೀಟರಿನೊಳಗೆ ಮುಗಿದುಹೋಗುತ್ತದೆ.

  

ಆ ನೆಲದ ಸ್ವಭಾವ ಗೊತ್ತಾಗದೆ ಅಲ್ಲಿಯ ದಾರಿ ಅರ್ಥವಾಗುವುದಿಲ್ಲ. ಕಾಡಿನ ತುಂಬ ಬಾಲ್ಸಮ್ ಫರ್ ಮತ್ತು ಬ್ಲ್ಯಾಕ್ ಸ್ಪ್ರೂಸ್, ನಡುನಡುವೆ ಬಿಳಿ ಬರ್ಚ್, ಒದ್ದೆ ಜಾಗದಲ್ಲಿ ಲಾರ್ಚ್. ಉದುರಿದ ಸೂಜಿ ಎಲೆಗಳು ಆಮ್ಲೀಯ. ವರ್ಷದ ಬಹುಪಾಲು ಚಳಿ. ನಮ್ಮ ಕಾಡಿನಲ್ಲಿ ಗೆದ್ದಲು, ಅಣಬೆ, ಎರೆಹುಳು ಸೇರಿ ಒಂದೆರಡು ವರ್ಷದಲ್ಲಿ ಮುಗಿಸುವ ಎಲೆರಾಶಿ ಅಲ್ಲಿ ಹತ್ತಾರು ವರ್ಷ ಕೊಳೆಯುತ್ತಾ ಕೂರುತ್ತದೆ. ಅದರಡಿಯ ಮಣ್ಣು ಸತ್ವವೆಲ್ಲ ಬಸಿದುಹೋಗಿ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಸ್ಪ್ರೂಸ್ ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಅಡಿಯೊಳಗೇ ಹರಡಿರುತ್ತವೆ, ಏಕೆಂದರೆ ಆಹಾರವಿರುವುದೇ ಅಲ್ಲಿ. ಜೋರು ಗಾಳಿಗೆ ಮರ ಉರುಳಿದಾಗ ಚಾಪೆ ಎತ್ತಿದ ಹಾಗೆ ಬೇರಿನ ಹೊದಿಕೆ ಪೂರ್ತಿ ಎದ್ದು ನಿಂತು ಕೆಳಗಿನ ಬಂಡೆ ಬತ್ತಲಾಗುತ್ತದೆ. ಜನ ಮೂರು ನಾಲ್ಕು ಬೇಸಿಗೆ ಬೂಟು ಹಾಕಿ ತುಳಿದರೆ ಆ ತೆಳು ಹೊದಿಕೆ ಹರಿದು ಬೇರುಗಳು ಬರಿದಾಗುತ್ತವೆ. ಮಳೆಯಲ್ಲಿ ನೆನೆದ ಸ್ಪ್ರೂಸ್ ಬೇರು ಎಣ್ಣೆ ಸವರಿದ ಕೋಲಿನಂತೆ ಜಾರುತ್ತದೆ. ಅದರ ಮೇಲೆ ಕಾಲಿಡದೆ ದಾಟುವುದು ಲೇಸು. ಇಡಲೇಬೇಕಾದರೆ ಪಾದವನ್ನು ಬೇರಿಗೆ ಅಡ್ಡಲಾಗಿ, ಸಮವಾಗಿ ಊರಬೇಕು.

ಕಾಡು ತೆರೆದುಕೊಂಡಲ್ಲಿ ಜೌಗು. ಕರಾವಳಿಯ ಬಯಲಿನಲ್ಲೂ ಬೆಟ್ಟದ ನೆತ್ತಿಯ ತಗ್ಗುಗಳಲ್ಲೂ ಸ್ಫ್ಯಾಗ್ನಮ್ ಪಾಚಿ ಹಾಸಿಕೊಂಡಿದೆ. ಒಣಗಿದಾಗಿನ ತೂಕಕ್ಕಿಂತ ಇಪ್ಪತ್ತು ಪಟ್ಟಿನವರೆಗೆ ನೀರು ಹಿಡಿದಿಟ್ಟುಕೊಳ್ಳಬಲ್ಲ ಗಿಡ ಅದು. ಸತ್ತ ಪಾಚಿ ಗಾಳಿಯಿಲ್ಲದ ಆಮ್ಲೀಯ ನೀರಿನಲ್ಲಿ ಕೊಳೆಯದೆ ಪದರ ಪದರವಾಗಿ ಕೂತು ಪೀಟ್ ಆಗುತ್ತದೆ. ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿ.ಮೀ., ಹಲವೆಡೆ ಅದಕ್ಕೂ ಕಡಿಮೆ. ಬೂಟು ಪಾದದ ಗಂಟಿನವರೆಗೆ ಹೂತಾಗ ಕಾಲು ಒಂದು ಶತಮಾನದಷ್ಟು ಕೆಳಗಿಳಿದಿರುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನ ನಿಯಮಗಳಲ್ಲಿ ಅರ್ಧದಷ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ನೆಲದಲ್ಲಿ ದಾರಿ ಮಾಡುವವರ ಮುಖ್ಯ ಕೆಲಸ ನೀರಿನದ್ದು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದು ಗೊತ್ತಿದ್ದವರಿಗೆ ಇದರ ತತ್ವ ತಕ್ಷಣ ಹೊಳೆಯುತ್ತದೆ. ಗುಡ್ಡದ ಪಕ್ಕೆಯಲ್ಲಿ ಹೋಗುವ ದಾರಿಯ ಹೊರಬದಿಯನ್ನು ಒಳಬದಿಗಿಂತ ಚೂರು ತಗ್ಗಿಸುತ್ತಾರೆ. 60 ಸೆಂ.ಮೀ. ಅಗಲದ ದಾರಿಗೆ 3 ಸೆಂ.ಮೀ. ವ್ಯತ್ಯಾಸ ಸಾಕು. ಮಳೆನೀರು ದಾರಿಯ ಉದ್ದಕ್ಕೆ ಹರಿಯದೆ ಅಡ್ಡಲಾಗಿ ದಾಟಿ ಕೆಳಗಿಳಿಯುತ್ತದೆ. ಇನ್ನೊಂದು ಸೂತ್ರ ಅರ್ಧದ ಲೆಕ್ಕ: ಗುಡ್ಡದ ಇಳಿಜಾರು ಎಷ್ಟಿದೆಯೋ ದಾರಿಯ ಏರು ಅದರ ಅರ್ಧಕ್ಕಿಂತ ಹೆಚ್ಚಾಗಬಾರದು. ಗುಡ್ಡ ಶೇ. 30ರಷ್ಟು ಇಳಿಜಾರಿದ್ದರೆ ದಾರಿ ಶೇ. 15ರ ಒಳಗಿರಬೇಕು. ಮೀರಿದರೆ ನೀರಿಗೆ ದಾರಿಯೇ ಅತಿ ಸುಲಭದ ಕಾಲುವೆಯಾಗುತ್ತದೆ, ಕೆಲವೇ ವರ್ಷಗಳಲ್ಲಿ ಮೊಣಕಾಲೆತ್ತರ ಕೊರೆದು ದಾರಿ ಹಳ್ಳವಾಗುತ್ತದೆ. ಹಳೆಯ ದಾರಿಗಳಲ್ಲಿ ಬಹಳಷ್ಟು, ಜನ ನೇರ ಹತ್ತಿದ ಜಾಡುಗಳೇ ಆಗಿರುವುದರಿಂದ, ಈ ಸೂತ್ರ ಪಾಲಿಸುವುದಿಲ್ಲ. ಅಲ್ಲಿ ಕಲ್ಲು ಅಥವಾ ದಿಮ್ಮಿಯನ್ನು ದಾರಿಗೆ ಓರೆಯಾಗಿ, 30ರಿಂದ 45 ಡಿಗ್ರಿ ಕೋನದಲ್ಲಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಅದನ್ನು ತೀರಾ ಅಡ್ಡಲಾಗಿ ಇಟ್ಟರೆ ನೀರು ನಿಂತು ಹೂಳು ತುಂಬಿ, ಮುಂದಿನ ಮಳೆಗೆ ನೀರು ಅದರ ಮೇಲೆಯೇ ಹತ್ತಿ ಹೋಗುತ್ತದೆ. ಓರೆಯಾಗಿಟ್ಟದ್ದರ ಬಾಯಿಗೂ ಸೊಪ್ಪುಸದೆ ಕಟ್ಟಿಕೊಳ್ಳುತ್ತದೆ. ಮಳೆಯಲ್ಲಿ ನಡೆಯುವವರು ಕಟ್ಟಿಕೊಂಡ ಎಲೆಗಳನ್ನು ಬೂಟಿನ ತುದಿಯಿಂದ ಸರಿಸಿ ಹೋದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಜೌಗಿನ ಮೇಲೆ ಹಾಸುವುದು ನಮ್ಮ ಕಾಲುಸಂಕದ ದೂರದ ನೆಂಟ. ಮಲೆನಾಡಿನ ಸಂಕ ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಿಸುತ್ತದೆ, ಇದು ಕಿಲೋಮೀಟರುಗಟ್ಟಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. ಕೆಳಗೆ ಅಡ್ಡ ದಿಮ್ಮಿಗಳು, ಅವುಗಳ ಮೇಲೆ ಉದ್ದಕ್ಕೆ ಜೋಡಿ ಹಲಗೆ. ಕಂಬ ಹೂತು ಎತ್ತರಿಸುವುದೇ ಗಟ್ಟಿ ಉಪಾಯ ಎಂದು ತೋರಬಹುದು. ಆದರೆ ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಂಬಗಳನ್ನು ಹಲ್ಲು ಕಿತ್ತ ಹಾಗೆ ಮೇಲೆತ್ತುತ್ತದೆ, ಅದೂ ಒಂದೊಂದನ್ನು ಒಂದೊಂದು ಅಳತೆಗೆ. ಜೌಗಿನ ಮೇಲೆ ತೇಲುವಂತೆ ಮಲಗಿಸಿದ ದಿಮ್ಮಿ ಏರಿಳಿದರೂ ಒಟ್ಟಾಗಿ ಏರಿಳಿಯುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿದ ಮರ ಬೇಗ ಕೊಳೆಯುವುದಿಲ್ಲ, ಅಲ್ಲಿ ಆಮ್ಲಜನಕವಿಲ್ಲ. ಕೊಳೆಯುವುದು ನೆನೆಯುತ್ತಾ ಒಣಗುತ್ತಾ ಇರುವ ಗೆರೆ, ಅಂದರೆ ದಿಮ್ಮಿಯ ಮೇಲ್ಭಾಗ ಮತ್ತು ಹಲಗೆಯ ಅಡಿಭಾಗ.

ನಡೆಯುವವರಿಗೆ ಇದರಿಂದ ಸಿಗುವ ಪಾಠ ಚಿಕ್ಕದು, ಆದರೆ ಉಪಯೋಗದ್ದು. ಹಲಗೆಯಲ್ಲಿ ಮೊಳೆಯ ತಲೆ ಕಾಣುವ ಸಾಲು ಅಡ್ಡ ದಿಮ್ಮಿಯ ನೇರಕ್ಕಿರುತ್ತದೆ. ಹಲಗೆ ಹಳತಾಗಿ ಹಸಿರುಗಟ್ಟಿದ್ದರೆ ಹೆಜ್ಜೆ ಅಲ್ಲಿ ಬೀಳಲಿ. ಮುರಿದರೂ ಕೆಳಗೆ ಆಧಾರವಿರುತ್ತದೆ. ಕೆಲವೆಡೆ ಜಾರದಿರಲೆಂದು ತಂತಿಬಲೆ ಹೊಡೆದಿರುತ್ತಾರೆ. ಬಲೆಯಿಲ್ಲದ ಒದ್ದೆ ಹಲಗೆಯ ಮೇಲೆ ಹಿಮ್ಮಡಿ ಮೊದಲು ಊರಿದರೆ ಬೀಳುವುದು ಖಂಡಿತ. ಹೆಜ್ಜೆ ಚಿಕ್ಕದಾಗಿರಲಿ, ಇಡೀ ಪಾದ ಒಟ್ಟಿಗೆ ಊರಲಿ. ಊರುಗೋಲಿನ ತುದಿ ಎರಡು ಹಲಗೆಗಳ ಸಂದಿಗೆ ಸಿಕ್ಕಿ ಮುರಿಯುವುದು ತೀರಾ ಸಾಮಾನ್ಯ. ಹಲಗೆ ಬಂದಾಗ ಕೋಲುಗಳನ್ನು ಎತ್ತಿ ಹಿಡಿಯುವುದೇ ಸರಿ.

ಎಲ್ಲ ಜೌಗಿಗೂ ಹಲಗೆ ಇರುವುದಿಲ್ಲ. ದಾರಿಯ ಮಧ್ಯೆ ಕಪ್ಪು ಕೆಸರಿನ ಗುಂಡಿ, ಪಕ್ಕದಲ್ಲಿ ಮೆತ್ತನೆಯ ಒಣ ಪಾಚಿ ಕಂಡಾಗ ಪಕ್ಕಕ್ಕೆ ಸರಿಯುವುದು ಎಲ್ಲರ ಮೊದಲ ಪ್ರತಿಕ್ರಿಯೆ. ಬೂಟು ಉಳಿಯುತ್ತದೆ. ಆದರೆ ಆ ಪಾಚಿ ಮತ್ತು ಜೊಂಡಿನ ಬೇರುಗಳೇ ಗುಂಡಿಯ ದಡವನ್ನು ಹಿಡಿದಿಟ್ಟಿರುತ್ತವೆ. ನೂರು ಜನ ಪಕ್ಕ ತುಳಿದರೆ ದಡ ಕುಸಿದು ಗುಂಡಿಗೆ ಸೇರುತ್ತದೆ, ಮುಂದಿನ ನೂರು ಜನ ಅದರ ಹೊರಗಿನಿಂದ ಸುತ್ತುತ್ತಾರೆ. ಒಂದು ಮೀಟರಿನ ದಾರಿ ಹತ್ತು ಮೀಟರ್ ಅಗಲದ ಕೆಸರುಗದ್ದೆಯಾಗುವುದು ಹೀಗೆ. ಆದ್ದರಿಂದ ಕೆಸರಿನ ನಡುವೆಯೇ ನಡೆಯಬೇಕು, ಒಬ್ಬರ ಹಿಂದೆ ಒಬ್ಬರು. ಇದನ್ನು ಕೇವಲ ಶಿಸ್ತಿನ ಮಾತೆಂದು ತಿಳಿಯುವವರಿದ್ದಾರೆ. ಸುರಕ್ಷತೆಯ ಮಾತೂ ಹೌದು. ಬಹುಜನ ತುಳಿದ ನಡುದಾರಿಯ ಕೆಸರಿನ ಕೆಳಗೆ ಗಟ್ಟಿ ನೆಲ ಸಿಗುವ ಸಂಭವ ಹೆಚ್ಚು, ಪಕ್ಕದ ಹಸಿರು ಪಾಚಿಯ ಕೆಳಗೆ ಎಷ್ಟು ಆಳವಿದೆ ಎಂದು ಕೋಲು ಇಳಿಸಿ ನೋಡದೆ ಹೇಳಲಾಗದು.

ದಾರಿಯೇ ಇಲ್ಲದ ಕಡೆ ನಿಯಮ ತಿರುವುಮುರುವಾಗುತ್ತದೆ. ಜಾಡಿಲ್ಲದ ನೆತ್ತಿಯ ಮೇಲೆ ನಾಲ್ಕು ಜನ ನಡೆಯುತ್ತಿದ್ದರೆ ಸಾಲಾಗಿ ಹೋಗದೆ ಹರಡಿಕೊಳ್ಳಬೇಕು. ನಾಲ್ಕು ಜೋಡಿ ಬೂಟು ಒಂದೇ ಕಡೆ ಬಿದ್ದರೆ ಜಾಡು ಮೂಡುತ್ತದೆ, ಜಾಡು ಕಂಡವರು ಅದನ್ನು ಹಿಡಿಯುತ್ತಾರೆ, ಅದು ಎಲ್ಲಿಗೂ ಒಯ್ಯದ ದಾರಿಯಾದರೂ ಸರಿ. ಕಾಲಿಡಲು ಬಂಡೆ, ಜಲ್ಲಿ, ಒಣ ಹುಲ್ಲು, ಉಳಿದ ಹಿಮ ಹುಡುಕಬೇಕು. ಕಲ್ಲಿನ ಮೇಲಿನ ಕಲ್ಲುಹೂವು ಹಸಿಯಿದ್ದಾಗ ಬಗ್ಗುತ್ತದೆ, ಒಣಗಿದ್ದಾಗ ಚಿಪ್ಸಿನಂತೆ ಪುಡಿಯಾಗುತ್ತದೆ.

ಬೂಟಿನ ಬಗ್ಗೆ ಎರಡು ಮಾತು. ಒಳಗೆ ನೀರುತಡೆ ಪದರವಿರುವ ಬೂಟು ಒಂದು ದಿನದ ನಡಿಗೆಗೆ ಒಳ್ಳೆಯದು. ನಾಲ್ಕು ದಿನದ ನಡಿಗೆಯಲ್ಲಿ ಮೇಲಿನಿಂದ ಒಮ್ಮೆ ನೀರು ತುಂಬಿತೆಂದರೆ ಅದೇ ಪದರ ನೀರನ್ನು ಹೊರಹೋಗಲು ಬಿಡುವುದಿಲ್ಲ. ಬೂಟಿನ ಬಾಯಿ ಮುಚ್ಚುವ, ಮೊಣಕಾಲವರೆಗಿನ ಗೇಟರ್ ಎಂಬ ಹೊದಿಕೆ ಇದ್ದರೆ ಆ ಗತಿ ತಪ್ಪುತ್ತದೆ. ಉಣ್ಣೆಯ ಕಾಲುಚೀಲ ಮೂರು ಜೊತೆ ಬೇಕು: ಎರಡು ಸರದಿಗೆ, ಮೂರನೆಯದು ಮಲಗುವಾಗ ಮಾತ್ರ. ಎಷ್ಟೇ ಆಸೆಯಾದರೂ ಆ ಮೂರನೆಯದನ್ನು ಹಗಲು ಹಾಕಬಾರದು.

ಗ್ರೋಸ್ ಮೋರ್ನ್ ಬೆಟ್ಟ ಹತ್ತುವ ದಾರಿಗೆ ಬ್ರಿಟನ್ನಿನ ಮಾಜಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಹೆಸರಿದೆ. ಸುತ್ತುದಾರಿ ಸೇರಿ ಒಟ್ಟು 16 ಕಿ.ಮೀ.ಗೆ ಮೇಲೆ, ಆರರಿಂದ ಎಂಟು ಗಂಟೆಯ ಕೆಲಸ. ಮೊದಲ ನಾಲ್ಕೂವರೆ ಕಿ.ಮೀ. ಕಾಡಿನೊಳಗೆ ಏರುತ್ತಾ ಬೆಟ್ಟದ ಬುಡಕ್ಕೆ ತಲುಪುತ್ತದೆ. ಅಲ್ಲಿಂದ ಮೇಲೆ ಒಂದು ಕಲ್ಲುಗಂಡಿ. ಒಡೆದ ಕ್ವಾರ್ಟ್ಜೈಟ್ ಕಲ್ಲುಗಳು ಸುರಿದು ತುಂಬಿರುವ ಅದರ ಮೂಲಕ ಹೆಚ್ಚುಕಡಿಮೆ 500 ಮೀಟರ್ ಎತ್ತರ ಏರಬೇಕು. ಜನ ಈ ಗಂಡಿಯನ್ನು ಹತ್ತಲು ಮಾತ್ರ ಬಳಸಬೇಕು, ಇಳಿಯುವುದು ಬೆಟ್ಟದ ಬೆನ್ನಿನ ಸುತ್ತುದಾರಿಯಲ್ಲಿ. ಕಾರಣ ಸ್ಪಷ್ಟ: ಇಳಿಯುವವರ ಕಾಲು ಉರುಳಿಸಿದ ಕಲ್ಲು ಹತ್ತುವವರ ತಲೆಗೆ ಬರುತ್ತದೆ. ಹತ್ತುವಾಗಲೂ ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲದೆ ಓರೆಯಾಗಿ ಹಂಚಿಕೊಂಡು ಹೋಗಬೇಕು.

ಇದರಿಂದ ಒಂದು ತೀರ್ಮಾನ ತಾನಾಗಿ ಹೊರಡುತ್ತದೆ. ಗಂಡಿ ಹತ್ತಿದ ಮೇಲೆ ವಾಪಸ್ ಬರುವಂತಿಲ್ಲ. ಮುಂದೆ ನೆತ್ತಿ ದಾಟಿ, ಹಿಂಬದಿಯ ಫೆರ್ರಿ ಗಲ್ಚ್ ಕಣಿವೆಗಿಳಿದು ಬೆಟ್ಟ ಸುತ್ತಿ ಬುಡಕ್ಕೆ ಬರಬೇಕು. ಹಾಗಾಗಿ ಹೋಗಬೇಕೋ ಬೇಡವೋ ಎಂಬುದು ಬುಡದಲ್ಲೇ ಇತ್ಯರ್ಥವಾಗಬೇಕು. ಅಲ್ಲಿ ನಿಂತು ನೋಡಿದಾಗ ನೆತ್ತಿ ಮೋಡದೊಳಗಿದ್ದರೆ ಅಲ್ಲಿಂದಲೇ ತಿರುಗಿ. ಮೇಲೆ ಸಮತಟ್ಟಾದ ಕಲ್ಲುಹಾಸು, ಮಂಜಿನಲ್ಲಿ ದಾರಿಯ ಕಲ್ಲುಗುಪ್ಪೆಗೂ ಬರೀ ಕಲ್ಲುಗುಪ್ಪೆಗೂ ವ್ಯತ್ಯಾಸ ಕಾಣುವುದಿಲ್ಲ. ಸೇಂಟ್ ಲಾರೆನ್ಸ್ ಕೊಲ್ಲಿ ಪಕ್ಕದಲ್ಲೇ ಇರುವುದರಿಂದ ಮಂಜು ಬರಲು ಅರ್ಧ ಗಂಟೆಯೂ ಬೇಡ. ಕಡಲಂಚಿಗಿಂತ ನೆತ್ತಿಯಲ್ಲಿ ಐದು ಡಿಗ್ರಿ ಚಳಿ ಹೆಚ್ಚು, ಅದರ ಮೇಲೆ ತಡೆಯಿಲ್ಲದ ಗಾಳಿ.

ಮಳೆಯನ್ನು ನಾವು ಚೆನ್ನಾಗಿ ಬಲ್ಲೆವು ಎಂಬ ಧೈರ್ಯ ಇಲ್ಲಿ ಅಪಾಯಕಾರಿ. ಆಗುಂಬೆಯ ಜುಲೈ ಮಳೆ ಎಷ್ಟೇ ಸುರಿದರೂ ಗಾಳಿಯ ಉಷ್ಣತೆ ಇಪ್ಪತ್ತು ಡಿಗ್ರಿಯ ಆಸುಪಾಸಿರುತ್ತದೆ, ನೆಂದು ನಡೆಯಬಹುದು. ಎಂಟು ಡಿಗ್ರಿಯಲ್ಲಿ, ಬೀಸುಗಾಳಿಯಲ್ಲಿ ನೆನೆದರೆ ಮೈಯ ಬಿಸಿ ಸೋರಿಹೋಗುತ್ತದೆ. ಹತ್ತಿ ಬಟ್ಟೆ ನೀರು ಹಿಡಿದುಕೊಂಡು ಅದನ್ನು ಇನ್ನೂ ಬೇಗ ಮಾಡುತ್ತದೆ. ಜೀನ್ಸ್ ಹಾಕಿ ಹೋಗುವುದು ಅಲ್ಲಿ ನಿಜವಾಗಿಯೂ ಕೆಟ್ಟ ನಿರ್ಧಾರ. ಜೊತೆಗಾರರಿಗೆ ಜಿಪ್ ಎಳೆಯಲು ಬೆರಳು ಬಗ್ಗದಿರುವುದು, ಮಾತು ತೊದಲುವುದು, ಸಮನೆಲದಲ್ಲೂ ಎಡವುವುದು ಕಂಡರೆ ಅದು ದಣಿವಲ್ಲ, ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿರುವ ಲಕ್ಷಣ. ಕೂಡಲೇ ಗಾಳಿಮರೆ, ಒಣ ಉಣ್ಣೆ, ಸಿಹಿ ತಿಂಡಿ, ಬಿಸಿ ಪಾನೀಯ. ಮದ್ಯ ಕೊಡಬಾರದು.

ಬೆಟ್ಟದ ಮೇಲ್ಭಾಗವನ್ನು ವಸಂತದಲ್ಲಿ ಮುಚ್ಚಿ ಜೂನ್ ಕೊನೆಗೆ ತೆರೆಯುತ್ತಾರೆ. ಹಿಮ ಕರಗಿ ನೆಲ ಗಂಜಿಯಂತಾಗಿರುವ ಕಾಲ, ಜೊತೆಗೆ ರಾಕ್ ಟಾರ್ಮಿಗನ್ ಹಕ್ಕಿ, ಆರ್ಕ್ಟಿಕ್ ಮೊಲ, ಕ್ಯಾರಿಬೂ ಎಂಬ ಉತ್ತರದ ಜಿಂಕೆಗಳು ಮರಿ ಮಾಡುವ ಕಾಲ. ಆರ್ಕ್ಟಿಕ್ ಮೊಲ ಬದುಕಿರುವ ದಕ್ಷಿಣದ ಕೊನೆಯ ನೆಲೆ ಈ ದ್ವೀಪ. ಜೂನ್ ಮಧ್ಯದಲ್ಲಿ ರಜೆ ಹಾಕಿ ಅಷ್ಟು ದೂರ ಬಂದವರು ಬೇಲಿಯ ಮುಂದೆ ನಿಂತು ಬೇಸರಪಡುವುದು ನಡೆಯುತ್ತದೆ. ದಿನಾಂಕ ನೋಡಿಕೊಂಡು ಹೊರಡಿ. ನನ್ನ ಆಯ್ಕೆ ಕೇಳಿದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ನೆಲ ತುಸು ಗಟ್ಟಿ, ಬೆಟ್ಟದ ತುಂಬ ಹಣ್ಣು, ನುಸಿ ಇಳಿದಿರುತ್ತದೆ.

ನುಸಿಯ ವಿಷಯ ಅಷ್ಟು ಬೇಗ ಮುಗಿಯುವುದಿಲ್ಲ. ನಮಗೆ ಇಂಬಳ ಹೇಗೋ ಅವರಿಗೆ ಕರಿನೊಣ (ಬ್ಲ್ಯಾಕ್ ಫ್ಲೈ ಎಂಬ ರಕ್ತ ಹೀರುವ ನುಸಿ) ಹಾಗೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಡುತ್ತವೆ, ಎದ್ದಾಗ ಕಿವಿಯ ಹಿಂದೆ ರಕ್ತ ಸೋರುತ್ತಿರುತ್ತದೆ. ಮರುದಿನ ಕಣ್ಣು ಮುಚ್ಚುವಷ್ಟು ಊದಿದರೂ ಆಶ್ಚರ್ಯವಿಲ್ಲ. ಉಪ್ಪಿನ ಗಂಟು, ಹೊಗೆಸೊಪ್ಪಿನ ನೀರು ಇಂಬಳದ ಎದುರು ಕೆಲಸ ಮಾಡುತ್ತವೆ, ಇವಕ್ಕಲ್ಲ. ಇಂಬಳ ನೆಲದಿಂದ ಮೇಲೇರಿದರೆ ಇವು ಹಾರಿ ಬಂದು ಕೂದಲಿನ ಅಂಚು, ಕಾಲರು, ಪ್ಯಾಂಟಿನ ತುದಿಗಳಲ್ಲಿ ಬಟ್ಟೆಯೊಳಗೆ ತೆವಳಿ ಹೋಗುತ್ತವೆ. ಹಾಗಾಗಿ ಮುಲಾಮಿಗಿಂತ ಬಟ್ಟೆ ಮುಖ್ಯ. ತಿಳಿ ಬಣ್ಣದ ತುಂಬುತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸುವುದು, ತಲೆಗೆ ಬಲೆ. ಕಡುನೀಲಿ ಮತ್ತು ಕಪ್ಪು ಅವನ್ನು ಕರೆಯುತ್ತವೆ. ಹಚ್ಚಿಕೊಳ್ಳಲು ಶೇ. 20ರ ಇಕಾರಿಡಿನ್ ಅಥವಾ ಶೇ. 30ರ ಡೀಟ್ ಇರುವ ಕೀಟನಿವಾರಕ. ಡೀಟ್ ತಗುಲಿದರೆ ಕನ್ನಡಕ, ಗಡಿಯಾರ, ದಿಕ್ಸೂಚಿಯ ಪ್ಲಾಸ್ಟಿಕ್ ಕರಗುತ್ತದೆ ಎಂಬುದು ನೆನಪಿರಲಿ. ಇವು ಹರಿಯುವ ಶುದ್ಧ ನೀರಿನಲ್ಲಿ ಮೊಟ್ಟೆಯಿಡುತ್ತವೆ, ಹಗಲು ಕಚ್ಚುತ್ತವೆ, ಗಾಳಿಗೆ ಹೆದರುತ್ತವೆ. ಜೂನ್ ಮತ್ತು ಜುಲೈ ಮೊದಲರ್ಧದಲ್ಲಿ ಊಟಕ್ಕೆ ಕೂರುವುದಾದರೆ ತೊರೆಯ ಪಕ್ಕದ ನೆರಳು ಬಿಟ್ಟು ಗಾಳಿ ಬಡಿಯುವ ಬಂಡೆ ಹುಡುಕಿ. ಡೇರೆಯೊಳಗೆ ನುಗ್ಗಿದವು ಹೆಚ್ಚಾಗಿ ಕಚ್ಚದೆ ಬೆಳಕಿನತ್ತ ತೆವಳುತ್ತವೆ. ರಾತ್ರಿಯ ಪಾಳಿ ಸೊಳ್ಳೆಗಳದು.

ಲಾಂಗ್ ರೇಂಜ್ ಟ್ರಾವರ್ಸ್ ಬೇರೆಯೇ ಬಗೆಯ ನಡಿಗೆ. 35 ಕಿ.ಮೀ., ಮೂರು ನಾಲ್ಕು ದಿನ. ದಿನಕ್ಕೆ ಹತ್ತು ಕಿಲೋಮೀಟರ್ ಎಂದರೆ ಇಷ್ಟೇನಾ ಎನಿಸುತ್ತದೆ. ಗುರುತು ಮಾಡಿದ ದಾರಿ ಇಲ್ಲ, ಫಲಕವಿಲ್ಲ. ಅನುಮತಿ ಪತ್ರ ಬೇಕು, ನಕ್ಷೆ ಮತ್ತು ದಿಕ್ಸೂಚಿ ಓದಲು ಬರಬೇಕು. ಆರಂಭ ವೆಸ್ಟರ್ನ್ ಬ್ರೂಕ್ ಪಾಂಡ್‌ನಲ್ಲಿ. ನ್ಯೂಫೌಂಡ್‌ಲ್ಯಾಂಡಿನವರ ಮಾತಿನಲ್ಲಿ ಕೆರೆ ಎಷ್ಟು ದೊಡ್ಡದಾದರೂ ಪಾಂಡ್, ಅಂದರೆ ಕೊಳ. ಈ ಕೊಳ 16 ಕಿ.ಮೀ. ಉದ್ದ, 165 ಮೀಟರ್ ಆಳ, ಹಿಮನದಿ ಕೊರೆದ ಕಣಿವೆ, ಎರಡೂ ಬದಿ ಆರುನೂರು ಮೀಟರಿನ ಗೋಡೆ. ದೋಣಿ ಚಾರಣಿಗರನ್ನು ಪೂರ್ವದ ತುದಿಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಕೊರಕಲಿನಲ್ಲಿ ನೆತ್ತಿಗೆ ಹತ್ತಿದ ಮೇಲೆ ಗ್ರೋಸ್ ಮೋರ್ನ್ ಬೆಟ್ಟದ ಬುಡ ತಲುಪುವವರೆಗೆ ಕೊಳ, ಜೌಗು, ಬಂಡೆ ಮತ್ತು ಟಕ್ಕಮೋರ್.

ಟಕ್ಕಮೋರ್ ಎಂದರೆ ಗಾಳಿಗೆ ಕುಳ್ಳಾದ ಫರ್ ಮತ್ತು ಸ್ಪ್ರೂಸ್. ಕುದುರೆಮುಖದ ಶೋಲಾ ಕಾಡಿನ ಮರಗಳು ಬೀಸುಗಾಳಿಗೆ ಗಿಡ್ಡವಾಗಿ, ನೆತ್ತಿ ಕತ್ತರಿಸಿದಂತೆ ನಿಂತಿರುವುದನ್ನು ಕಂಡವರು ಅದನ್ನು ಇನ್ನೂ ಕುಗ್ಗಿಸಿ ಸೊಂಟದಿಂದ ತಲೆಯೆತ್ತರಕ್ಕೆ ತಂದು ಕಲ್ಪಿಸಿಕೊಳ್ಳಬೇಕು. ನೆಲಕ್ಕೆ ತಾಗಿದ ಕೊಂಬೆಯೂ ಬೇರು ಬಿಡುವುದರಿಂದ ಒಳಗೆ ಮರ ಯಾವುದು, ಕೊಂಬೆ ಯಾವುದು ತಿಳಿಯದು. ಮೇಲೆ ನಡೆಯಲಾಗದಷ್ಟು ಮೃದು, ಒಳಗೆ ನುಗ್ಗಲಾಗದಷ್ಟು ಗಟ್ಟಿ. ಅರ್ಧ ಕಿ.ಮೀ.ಗೆ ಒಂದು ಗಂಟೆ ಹಿಡಿಯುವುದು ಅಪರೂಪವಲ್ಲ. ಚೀಲದ ಹೊರಗೆ ಕಟ್ಟಿದ ಮಲಗುವ ಚಾಪೆ, ನೀರಿನ ಬಾಟಲಿ, ಟೋಪಿ ಎಲ್ಲವನ್ನೂ ಅದು ಕಿತ್ತುಕೊಳ್ಳುತ್ತದೆ. ಏನಿದ್ದರೂ ಚೀಲದ ಒಳಗಿರಬೇಕು.

ಜನ ಅದರೊಳಗೆ ಸಿಕ್ಕಿಬೀಳುವುದಕ್ಕೆ ಮುಖ್ಯ ಕಾರಣ ಮೂಸ್‌ಗಳ ಜಾಡು. ಸಾಂಬಾರಕ್ಕಿಂತ ಬಹಳ ದೊಡ್ಡದಾದ ಈ ಕಡವೆ ಜಾತಿಯ ಪ್ರಾಣಿ ತುಳಿದ ದಾರಿ, ಮನುಷ್ಯರು ಮಾಡಿದ್ದಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಮೊದಲ ಇನ್ನೂರು ಮೀಟರ್ ಸರಿಯಾದ ದಿಕ್ಕಿನಲ್ಲೇ ಸಾಗುತ್ತದೆ. ಆಮೇಲೆ ಮೇವಿನ ಜಾಗ ಬಂದಲ್ಲಿ ಹತ್ತು ಕವಲಾಗಿ ಒಡೆದು ಇಲ್ಲವಾಗುತ್ತದೆ. ಮೂಸ್‌ಗೆ ಬೇಕಾದದ್ದು ಎಲೆ, ಚಾರಣಿಗರಿಗೆ ಬೇಕಾದದ್ದು ಆಚೆ ಬದಿ. ಅದು ಉದ್ದ ಕಾಲೆತ್ತಿ ದಾಟಿದ ಪೊದೆ ನಮ್ಮ ಎದೆಗೆ ಬರುತ್ತದೆ. ಜಾಡು ಹಿಡಿಯುವ ಮುನ್ನ ದಿಕ್ಸೂಚಿ ನೋಡಿ, ನೂರು ಹೆಜ್ಜೆಗೊಮ್ಮೆ ಮತ್ತೆ ನೋಡಿ, ದಿಕ್ಕು ಬಾಗಿತೆಂದರೆ ಬಿಟ್ಟು ಬನ್ನಿ. ಇನ್ನೂ ಒಳ್ಳೆಯ ಅಭ್ಯಾಸ ಪ್ರತಿ ದಿಬ್ಬದ ಮೇಲೂ ಐದು ನಿಮಿಷ ನಿಂತು ಮುಂದಿನ ಒಂದು ಕಿಲೋಮೀಟರನ್ನು ಕಣ್ಣಲ್ಲೇ ನಡೆದು ಮುಗಿಸುವುದು. ಕಡುಹಸಿರು ಟಕ್ಕಮೋರ್, ಕಂದು ಮತ್ತು ತಿಳಿಹಸಿರು ಜೌಗು, ಬೂದು ಬಂಡೆ. ಸುತ್ತು ಹೆಚ್ಚಾದರೂ ಬೂದು ಬಣ್ಣದ ಮೇಲೆ ಹೋದವರು ಮೊದಲು ತಲುಪುತ್ತಾರೆ.

ದಿಕ್ಸೂಚಿಯ ಒಂದು ತೊಡಕಿದೆ. ಕರ್ನಾಟಕದಲ್ಲಿ ಮುಳ್ಳಿನ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ವ್ಯತ್ಯಾಸ ಒಂದೆರಡು ಡಿಗ್ರಿ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಶ್ಚಿಮ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುಳ್ಳು ಇಪ್ಪತ್ತು ಡಿಗ್ರಿಯ ಹತ್ತಿರಹತ್ತಿರ ಪಶ್ಚಿಮಕ್ಕೆ ವಾಲುತ್ತದೆ. ಇದನ್ನು ಸರಿಪಡಿಸದೆ ನಡೆದರೆ ಒಂದೇ ಕಿಲೋಮೀಟರಿಗೆ 300 ಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗಿರುತ್ತೀರಿ, ಅಂದರೆ ಕೊಳದ ತಪ್ಪು ದಡಕ್ಕೆ. ನಕ್ಷೆಯಲ್ಲಿ ಅಳೆದ ಕೋನಕ್ಕೆ ಆ ವರ್ಷದ ವಾಲಿಕೆಯನ್ನು ಕೂಡಿಸಿ ದಿಕ್ಸೂಚಿಗೆ ಹಾಕಬೇಕು. ಹಳೆಯ ನಕ್ಷೆಯ ಮೇಲೆ ಅಚ್ಚಾದ ಅಂಕಿ ಈಗಿನದಲ್ಲ, ಅದು ವರ್ಷವರ್ಷ ಬದಲಾಗುತ್ತದೆ. ಜಿಪಿಎಸ್ ಇದ್ದರೆ ಒಳ್ಳೆಯದೇ. ಆದರೆ ಇನ್ಯಾರೋ ನಡೆದ ಗೆರೆಯನ್ನು ಇಳಿಸಿಕೊಂಡು ಅದೇ ದಾರಿ ಎಂದು ನಂಬಬೇಡಿ. ಅವರು ದಾರಿ ತಪ್ಪಿ ಅಲೆದದ್ದೂ ಆ ಗೆರೆಯಲ್ಲಿರುತ್ತದೆ. ಬ್ಯಾಟರಿಯನ್ನು ಚಳಿ ಬೇಗ ತಿನ್ನುತ್ತದೆ, ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಬೇಕು.

ಕುಡಿಯುವ ನೀರಿಗೆ ಬರವಿಲ್ಲ. ಜೌಗಿನಿಂದ ಬರುವುದರಿಂದ ಚಹಾದ ಬಣ್ಣವಿರುತ್ತದೆ, ಅದು ಹಾನಿ ಮಾಡುವುದಿಲ್ಲ. ಹಾನಿ ಮಾಡುವುದು ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ. ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು. ಬಣ್ಣದ ನೀರಿನಲ್ಲಿ ಯುವಿ ದೀಪ ನೆಚ್ಚುವಂತಿಲ್ಲ, ಬೆಳಕನ್ನು ಬಣ್ಣ ತಡೆಯುತ್ತದೆ. ತಣ್ಣೀರಿನಲ್ಲಿ ಗುಳಿಗೆಗಳು ನಿಧಾನ. ಎಳೆಗೊಳವೆಯ (ಹಾಲೋ ಫೈಬರ್) ಫಿಲ್ಟರ್ ಒಮ್ಮೆ ಒಳಗೆ ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ, ಮತ್ತು ಕೆಟ್ಟದ್ದು ನೋಡಿದರೆ ಗೊತ್ತಾಗುವುದಿಲ್ಲ. ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಒಲೆಯೇ ಗತಿ. ಪೀಟ್‌ಗೆ ಹತ್ತಿದ ಕಿಡಿ ನೆಲದೊಳಗೆ ದಿನಗಟ್ಟಲೆ ಹೊಗೆಯಾಡುತ್ತಾ ಬೇರೆಲ್ಲೋ ಹೊತ್ತಿಕೊಳ್ಳಬಲ್ಲದು. ಬಹಿರ್ದೆಸೆಗೂ ಜೌಗು ಸಲ್ಲದು, ಏಕೆಂದರೆ ಅಲ್ಲಿ ಏನೂ ಕೊಳೆಯುವುದಿಲ್ಲ. ನೀರಿನಿಂದ 70 ಹೆಜ್ಜೆಯಾದರೂ ದೂರ, ಮಣ್ಣಿರುವ ಕಡೆ 15 ಸೆಂ.ಮೀ. ಆಳ ತೋಡಿ ಮುಚ್ಚಬೇಕು, ಕಾಗದ ಚೀಲದಲ್ಲಿ ವಾಪಸ್ ತರಬೇಕು.

ಮತ್ತೆ ಮೂಸ್‌ನ ಮಾತಿಗೆ ಬರಬೇಕು. ಆ ಪ್ರಾಣಿ ದ್ವೀಪದ್ದೇ ಅಲ್ಲ. 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ನಾಲ್ಕನ್ನು ತಂದು ಬಿಟ್ಟರು. ದ್ವೀಪದ ತೋಳಗಳು 1930ರ ಸುಮಾರಿಗೆ ಅಳಿದುಹೋದವು. ಇಂದು ಮೂಸ್‌ಗಳ ಸಂಖ್ಯೆ ಲಕ್ಷದ ಲೆಕ್ಕದಲ್ಲಿದೆ. ಅವಕ್ಕೆ ಇಷ್ಟವಾದದ್ದು ಬಾಲ್ಸಮ್ ಫರ್ ಮತ್ತು ಬರ್ಚ್‌ನ ಎಳೆಗಿಡ. ಕೀಟದ ಹಾವಳಿಗೋ ಬಿರುಗಾಳಿಗೋ ದೊಡ್ಡ ಮರಗಳು ಬಿದ್ದ ಮೇಲೆ ಮೇಲೇಳಬೇಕಾದ ಸಸಿಗಳನ್ನು ಅವು ಪ್ರತಿ ಚಳಿಗಾಲ ಮೊಣಕಾಲೆತ್ತರಕ್ಕೆ ಕಡಿದುಬಿಡುತ್ತವೆ. ಕಾಡಿದ್ದ ಕಡೆ ಹುಲ್ಲುಗಾವಲು ಉಳಿಯುತ್ತದೆ. ಕೊನೆಗೆ 2011ರಲ್ಲಿ ರಾಷ್ಟ್ರೀಯ ಉದ್ಯಾನದೊಳಗೇ ಮೂಸ್ ಬೇಟೆಗೆ ಅವಕಾಶ ಕೊಡಬೇಕಾಯಿತು. ಪ್ರಾಣಿಪ್ರಿಯರಿಗೆ ಇದು ನುಂಗಲಾರದ ತುತ್ತು, ಆದರೂ ಅಲ್ಲಿನ ಕಾಡು ನೋಡಿದ ಮೇಲೆ ಅದು ಸರಿಯಾದ ನಿರ್ಧಾರ ಎಂದೇ ನನಗೆ ಅನಿಸುವುದು.

ಅದನ್ನು ಕಣ್ಣಾರೆ ಕಾಣಲು ಬೇಕರ್ಸ್ ಬ್ರೂಕ್ ಜಲಪಾತದ ದಾರಿಯಲ್ಲಿ ಹೋಗಬೇಕು. ಹೋಗಿ ಬರಲು ಸುಮಾರು 10 ಕಿ.ಮೀ., ಹೆಚ್ಚು ಏರಿಲ್ಲ, ಹಲಗೆ ಹಾಸಿದ ಸುಲಭದ ನಡಿಗೆ. ಮಳೆದಿನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಬೆಟ್ಟ ಮೋಡ ಕವಿದು ಕೂತಾಗ ಜನ ಸುಮ್ಮನೆ ಕೋಣೆಯಲ್ಲಿ ಕೂರುತ್ತಾರಲ್ಲ, ಅವರೆಲ್ಲ ಇಲ್ಲಿಗೆ ಬರಬೇಕು. ದಾರಿಯ ಪಕ್ಕದಲ್ಲಿ ಮೂಸ್ ಬಾರದಂತೆ ಎತ್ತರದ ಬೇಲಿ ಹಾಕಿದ ತುಂಡು ಕಾಡಿದೆ. ಬೇಲಿಯ ಒಳಗೆ ಫರ್ ಸಸಿಗಳು ತಮ್ಮ ಪಾಡಿಗೆ ತಾವು ಎದ್ದಿವೆ, ಹೊರಗೆ ತುದಿ ಕಡಿಸಿಕೊಂಡ ಮೋಟುಗಳು. ಕಾಲುದಾರಿ ಮಾತ್ರವಲ್ಲ, ಕಾಡೂ ಅಲ್ಲಿ ಎಷ್ಟು ನಿಧಾನ ಎಂಬುದಕ್ಕೆ ಯಾವ ಫಲಕವೂ ಬೇಕಾಗಿಲ್ಲ.

ಹೊರಡುವ ಮುನ್ನ ಬೂಟು ತೊಳೆಯಲು ಮರೆಯಬೇಡಿ. ಯುರೋಪಿನಿಂದ ಬಂದ ಕೋಲ್ಟ್ಸ್‌ಫುಟ್ ಎಂಬ ಹಳದಿ ಹೂವಿನ ಗಿಡ ಈ ಉದ್ಯಾನದ ರಸ್ತೆ ಬದಿ, ದಾರಿ ಬದಿಗಳಲ್ಲಿ ಹಬ್ಬಿದೆ. ಕಲಕಿದ ನೆಲ ಸಿಕ್ಕಿದರೆ ಸಾಕು, ಬೇರಿನ ಚೂರಿನಿಂದಲೂ ಚಿಗುರುತ್ತದೆ. ತಗ್ಗಿನ ದಾರಿ ನಡೆದು ಬಂದ ಬೂಟಿನಲ್ಲೇ ಮರುದಿನ ಬೆಟ್ಟ ಹತ್ತುವವರು ಅಟ್ಟೆಯ ಸಂದಿಗಳ ಮಣ್ಣನ್ನು ಕಡ್ಡಿಯಿಂದ ಕೆದಕಿ, ಬ್ರಷ್ಷಿನಲ್ಲಿ ಉಜ್ಜಿ, ಲೇಸ್ ಬಿಚ್ಚಿ ನಾಲಗೆಯ ಮಡಿಕೆಯನ್ನೂ ಕೊಡವಬೇಕು. ಗೇಟರ್‌ನ ಅಂಚಿಗೆ ಅಂಟಿದ ಬೀಜಗಳನ್ನು ಕೈಯಿಂದ ಬಿಡಿಸಬೇಕು. ಐದು ನಿಮಿಷದ ಕೆಲಸ, ವಾಹನ ನಿಲ್ಲಿಸಿದ ಜಾಗದಲ್ಲೇ ಮುಗಿಸಬೇಕು. ಕೆದಕಿ ತೆಗೆದ ಮಣ್ಣು ಅಲ್ಲೇ ಜಲ್ಲಿಯ ಮೇಲೆ ಬೀಳಲಿ.